ಬರೀ ಕಳಿಸಿದ್ದು

ಜುಲೈ ೧೪, ಸೋಮವಾರ

ಅಕ್ಕನ ಮಗ ವಿಜಯಕುಮಾರನನ್ನು ಇವತ್ತು ಪೊಲೀಸರು ಸ್ಟೇಷನ್ನಿಗೆ ಕರೆದೊಯ್ದರು. ಅವನ ಕಾಲೇಜಿನ ಹುಡುಗಿಯೊಬ್ಬಳು ಬಟ್ಟೆ ಬದಲಿಸುವಾಗ ಯಾರೋ ಕದ್ದು ತೆಗೆದ ವಿಡಿಯೊ ಇವನ ಫೋನಿಗೂ ಬಂದಿತ್ತು. ಇವನು ಅದನ್ನು ಗೆಳೆಯರಿಗೆ ಕಳಿಸಿದ್ದ.

“ಚಿಗವ್ವಾ, ನಾ ತೆಗ್ದಿಲ್ಲ, ಬರೀ ಕಳ್ಸೀನಿ. ಅದಕ್ಕೂ ಕೇಸ್ ಹಾಕ್ತಾರೇನು?” ಅಂದ, ನಾನು ಸ್ಟೇಷನ್ನಿಗೆ ಹೋದಾಗ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

“ಹಾಕ್ತಾರ. ಜೈಲೂ ಆಗತೈತಿ,” ಅಂದೆ.

ನಾನು ವಕೀಲೆ. ಬಳ್ಳಾರಿ ಕೋರ್ಟಿನಲ್ಲಿ ಇಂಥವೇ ಕೇಸು ನಡೆಸಿದ್ದೇನೆ. ಪಿಯುಸಿ ಪಾಸಾದಾಗ ಆ ಫೋನು ಕೊಡಿಸಿದವಳೂ ನಾನೇ. ಬೀಳಿಸಬ್ಯಾಡ ಅಂತ ಹೇಳಿದ್ದೆ, ಕವರ್ ಹಾಕಿಸಿದ್ದೆ. ಕಾನೂನಿನ ಒಂದು ಮಾತೂ ಹೇಳಲಿಲ್ಲ. ನಮ್ಮ ಮನೆ ಹುಡುಗನಿಗೆ ಅದೆಲ್ಲ ಯಾಕೆ ಅಂದುಕೊಂಡಿದ್ದೆ.

ಸ್ಟೇಷನ್ನಿನ ಬೆಂಚಿನ ಮೇಲೆ ಆ ಹುಡುಗಿಯ ತಾಯಿ ಕೂತಿದ್ದಳು. ಕುರುಗೋಡಿನಿಂದ ಬಂದವಳು. ನನ್ನ ಕರಿ ಕೋಟು ನೋಡಿ ಎದ್ದು ಬಂದಳು.

“ಮೇಡಂ, ನನ್ನ ಮಗಳು ಕಾಲೇಜಿಗೆ ಹೋಗಾಕ ಒಲ್ಲೆ ಅಂತಾಳ್ರಿ. ನಮ್ಮ ಕಡಿ ನಿಂದರತೀರೇನ್ರಿ?”

ನಾನು ಆ ಹುಡುಗನ ಚಿಗವ್ವ ಅಂತ ಹೇಳಬೇಕಿತ್ತು. ಹೇಳಲಿಲ್ಲ. “ನೋಡೋಣ್ರಿ,” ಅಂದುಬಿಟ್ಟೆ. ಆಕೆ ಅದನ್ನೇ ನಂಬಿ ನನಗೆ ಕೈ ಮುಗಿದಳು.

ನಾಳೆ ಆಕೆ ಕೋರ್ಟಿನಲ್ಲೂ ಬಂದು ಕೂತಿರುತ್ತಾಳೆ. ನಾನು ಹುಡುಗನ ಪರವಾಗಿ ಎದ್ದು ನಿಂತಾಗ ಆಕೆ ನನ್ನನ್ನು ನೋಡುತ್ತಾಳೆ.