ನೀಲಿ ಅಂಗಿಯ ಇಬ್ಬರು

ಶುಕ್ರವಾರ, ಸಂಜೆ

ಡಿಪೋದವರೆಲ್ಲ ಗ್ರೀಸಣ್ಣ ಎಂದು ಕರೆಯುವ ನಮ್ಮ ಯಜಮಾನರಿಗೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಮಂಗಳವಾರ ನನ್ನ ಬಸ್ಸಿನ ಮುಂದೆ ಬಿದ್ದವರನ್ನು ಹಾಗೆ ಕೇಳುವ ಮುಖ ನನಗಿಲ್ಲ. ಮೊಣಕಾಲು ತರಚಿದೆ ಎಂದು ವರ್ಕ್‌ಶಾಪಿನವರು ಹೇಳಿದರು. ಹಾಗೇ ಬಿಡಬೇಡಿ, ಮುಲಾಮು ಹಚ್ಚಿಕೊಳ್ಳಿ. ಒಂದೇ ಡಿಪೋದಲ್ಲಿ ದುಡಿಯುತ್ತ, ಒಂದೇ ಗೇಟಿನಲ್ಲಿ ಒಳಗೆ ಬರುತ್ತ, ಗಂಡನಿಗೆ ಕಾಗದ ಬರೆಯುವ ಡ್ರೈವರ್ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಎದುರಿಗೆ ಬಂದರೆ ನನಗೆ ಬಾಯಿ ಕಟ್ಟುತ್ತದೆ. ನಿಮಗಂತೂ ಬಾಯಿ ಇದೆಯೋ ಇಲ್ಲವೋ ಎಂಬುದೇ ಅನುಮಾನ.

ಅಂದು ನಿಮ್ಮ ಕೈಲಿದ್ದ ಎಣ್ಣೆ ಡಬ್ಬ ಉರುಳಿಹೋದ ಮೇಲೆ ನೀವು ಎದ್ದು ಕೇಳಿದ್ದು ಒಂದೇ ಮಾತು, "ನಾನು ನಿನಗೆ ಕಾಣ್ಲಿಲ್ವಾ?" ಎಂದು. ಆಮೇಲೆ ಕ್ಯಾಂಟೀನಿನಲ್ಲಿ, "ನಮ್ಮವಳು ಮಾತಲ್ಲಿ ಮುಗಿಸೋಕಾಗದೆ ಬಸ್ಸನ್ನೇ ತಂದ್ಲು" ಎಂದು ಎಲ್ಲರನ್ನೂ ನಗಿಸಿದಿರಂತೆ. ಮ್ಯಾನೇಜರ್ ಕೇಳಿದಾಗ ಕಾಲು ಜಾರಿ ನಾನೇ ಬಿದ್ದೆ ಎಂದಿರಂತೆ. ನಗಿಸಿದ್ದೂ ಸುಳ್ಳು ಹೇಳಿದ್ದೂ ನನ್ನ ಕೆಲಸ ಉಳಿಸಲು ಎಂದು ಗೊತ್ತು. ಆದರೆ ಬೇಕೆಂದೇ ಮಾಡಿದಳೇನೋ ಎಂಬ ಹುಳು ನಿಮ್ಮ ತಲೆಯನ್ನು ಕೊರೆಯುತ್ತಿದೆ ಎಂದೂ ಗೊತ್ತು. ಅದಕ್ಕೇ ಈ ಕಾಗದ.

ಉದ್ದನೆಯ ಹೊಸ ಬಸ್ಸುಗಳು ಬರುತ್ತಿವೆ ಎಂದು ನಮಗೆಲ್ಲ ತರಬೇತಿ ನಡೆಯುತ್ತಿದೆಯಲ್ಲ, ಅದರಲ್ಲಿ ಪಾಸಾಗದವರಿಗೆ ಸ್ಟೀರಿಂಗ್ ಇಲ್ಲ, ಟಿಕೆಟ್ ಕೌಂಟರೇ ಗತಿ. ವರ್ಕ್‌ಶಾಪಿನಲ್ಲಿ ನೀವೆಲ್ಲ ಅದಕ್ಕೆ ಕನ್ನಡಕದ ಆಟ ಎಂದು ಒಂದೇ ಹೆಸರಿಟ್ಟಿದ್ದೀರಿ. ಆದರೆ ಆಟ ಎರಡು. ಮೊದಲನೆಯದು ವಿಆರ್. ಒಂದು ಕುರ್ಚಿ, ಒಂದು ಸ್ಟೀರಿಂಗ್, ಕಣ್ಣಿಗೆ ಬಿಗಿದ ಒಂದು ಡಬ್ಬಿ. ಅದನ್ನು ಹಾಕಿಕೊಂಡರೆ ಕೋಣೆಯೇ ಮಾಯ. ರಸ್ತೆ, ಮಳೆ, ಬೈಯುವ ಪ್ರಯಾಣಿಕರು, ಎಲ್ಲವೂ ಯಂತ್ರ ಬರೆದ ಚಿತ್ರ. ಒಮ್ಮೆ ನೀರಿನ ಬಾಟಲಿಯನ್ನು ಅಲ್ಲಿ ಕಂಡ ಡ್ಯಾಶ್‌ಬೋರ್ಡಿನ ಮೇಲಿಟ್ಟೆ; ಸೀದಾ ನನ್ನ ಪಾದದ ಮೇಲೆ ಬಿತ್ತು. ತರಬೇತಿ ಕೊಡುವ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿ ನನಗೆ ಭಯವಾಗಲಿಲ್ಲ. ಎಲ್ಲವೂ ಸುಳ್ಳಾದ ಕಡೆ ಮನಸ್ಸು ನಿರಾಳವಾಗಿರುತ್ತದೆ, ಡಬ್ಬಿ ಬಿಚ್ಚಿದರೆ ಮುಗಿಯಿತು.

ಎರಡನೆಯದು ಎಆರ್. ಅದು ಹಾಗಲ್ಲ. ತೆಳ್ಳಗಿನ ಗಾಜಿನ ಕನ್ನಡಕ, ಆಚೆಯದೆಲ್ಲ ಕಾಣುತ್ತದೆ. ಡಿಪೋದ ಅಂಗಳ ನಿಜ, ಬಸ್ಸು ನಿಜ, ಗೋಡೆಗೆ ಉಜ್ಜಿದರೆ ಬಣ್ಣ ಹೋಗುವುದೂ ನಿಜ. ಆ ನಿಜದ ನಡುವೆ ಯಂತ್ರ ತನ್ನದೊಂದನ್ನು ತಂದು ನಿಲ್ಲಿಸುತ್ತದೆ. ನಮಗೆ ನಿಲ್ಲಿಸಿದ್ದು ಒಬ್ಬ ಮನುಷ್ಯನನ್ನು, ನೀಲಿ ಅಂಗಿ, ನೀಲಿ ಪ್ಯಾಂಟು. ಇಕ್ಕಟ್ಟಿನಲ್ಲಿ ಬಸ್ಸು ತಿರುಗಿಸುವಾಗ ಎಲ್ಲಿ ಹಾಯಬೇಕೋ ಅಲ್ಲಿ ಅವನು ನಿಲ್ಲುತ್ತಾನೆ. ಅವನ ಮೇಲೆಯೇ ಬಸ್ಸು ಬಿಡಬೇಕು. ಆಗ ಕರಗಿ, ಮುಂದಿನ ತಿರುವಿನಲ್ಲಿ ಮತ್ತೆ ಏಳುತ್ತಾನೆ. ಮೊದಲ ದಿನ ನನ್ನ ಕಾಲು ಒಪ್ಪಲೇ ಇಲ್ಲ, ಪ್ರತಿ ಸಲ ಬ್ರೇಕ್ ತುಳಿದೆ. "ಅಕ್ಕಾ, ಅವನು ಮನುಷ್ಯ ಅಲ್ಲ, ಗೆರೆ ಅಂದ್ಕೊಳ್ಳಿ" ಎಂದು ಆ ಹುಡುಗಿ ಹೇಳಿ ಹೇಳಿ ಸುಸ್ತಾದಳು. ಕೊನೆಗೂ ಕಲಿತೆ.

ಮಂಗಳವಾರ ಪರೀಕ್ಷೆ ನಡೆಯುತ್ತಿದ್ದಾಗ, ಯಾರೂ ಬರದಿರಲೆಂದು ಅಂಗಳಕ್ಕೆ ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿಕೊಂಡು ನೀವು ಬಂದಿರಿ. ನೀಲಿ ಅಂಗಿ, ನೀಲಿ ಪ್ಯಾಂಟು. ಅಷ್ಟು ದೂರದಿಂದ ಮುಖ ಯಾರಿಗೆ ತಿಳಿಯುತ್ತದೆ? ಅವನೇ ಎಂದುಕೊಂಡೆ. ಬ್ರೇಕ್ ಹಾಕಿದ್ದು ನಾನಲ್ಲ, ಪಕ್ಕದಲ್ಲಿ ಕೂತ ಹುಡುಗಿ, ತನ್ನ ಕಾಲ ಬಳಿಯ ಇನ್ನೊಂದು ಪೆಡಲಿನಿಂದ. ಯಂತ್ರ ನನಗೆ ಪೂರ್ತಿ ಅಂಕ ಕೊಟ್ಟಿತು. ಚಕ್ರ ದಾರಿ ತಪ್ಪಿರಲಿಲ್ಲವಲ್ಲ. ತಾನು ಬರೆದವನನ್ನು ಅದು ಬಲ್ಲದು, ತಾಯಿ ಹೆತ್ತವನ ಲೆಕ್ಕ ಅದಕ್ಕಿಲ್ಲ. ಪಾಸಾದೆ ಎಂದು ಎಲ್ಲರೂ ಕೈ ಕುಲುಕಿದಾಗ ನಾನು ಕನ್ನಡಕ ಬಿಚ್ಚಿ ಹುಡುಗಿಯ ಕೈಗಿಟ್ಟು ಹೊರಟುಬಿಟ್ಟೆ.

ಇಂದು ಬೆಳಿಗ್ಗೆ ಮ್ಯಾನೇಜರ್ ಬಳಿ ಹೋಗಿ ನಡೆದದ್ದನ್ನು ಹೇಳಿಬಿಟ್ಟೆ. ನೀವು ಇನ್ನು ಆ ಸುಳ್ಳನ್ನು ಹೊರಬೇಕಾಗಿಲ್ಲ. ಅವರು ತಲೆ ಚಚ್ಚಿಕೊಂಡರು, ಬೈಯಲಿಲ್ಲ. ದಾರಿ ತೋರಿಸಲು ಮನುಷ್ಯನ ರೂಪ ಬೇಡ, ಹಳದಿ ಬಾಣ ಸಾಕು ಎಂದು ಹುಡುಗಿಗೆ ಹೇಳಿದರು. "ಬಟ್ಟೆ ಬಣ್ಣದಿಂದ ಆಗಿದ್ದು, ನಿಮ್ಮ ತಪ್ಪೇನಿಲ್ಲ, ಇನ್ನೊಂದ್ಸಲ ಪರೀಕ್ಷೆ ಕೊಡಿ" ಎಂದರು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಾವು ಊಟವನ್ನೇ ಬೇರೆ ಮಾಡಿಕೊಂಡು ವರ್ಷವಾಯಿತು, ಇನ್ನು ಜಗಳ ಮುಗಿಯುವುದು ಹೇಗೆ? ಇದ್ದೂ ಇಲ್ಲದ ಹಾಗೆ ಇರುವುದಕ್ಕಿಂತ ಹೋಗುವುದೇ ವಾಸಿ ಎಂದು ನಾನು ಸಿಟ್ಟಿನಲ್ಲಿ ಅಂದೆ. ನೀವು ಅದೇ ಸರಿ ಎಂಬಂತೆ ಚೀಲ ಹಿಡಿದು ವರ್ಕ್‌ಶಾಪಿನ ಹಿಂದಿನ ಕೋಣೆ ಸೇರಿದಿರಿ. ಸಿಟ್ಟು ಈಗಲೂ ಇದೆ. ಆದರೆ ಮಂಗಳವಾರದ್ದು ಸಿಟ್ಟಲ್ಲ. ಅಷ್ಟನ್ನು ನಂಬಿ.

ಇನ್ನೂ ಎರಡು ತಟ್ಟೆ ತೊಳೆದಿಡುವ,
ನಿಮ್ಮವಳು

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮುಖ ತಿಳಿಯಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕಂಡಿರಿ. ನೀವು ನನಗೆ ಚೆನ್ನಾಗಿಯೇ ಕಂಡಿರಿ. ಎಡಗಾಲು ಎಳೆದು ನಡೆಯುವುದು, ಡಬ್ಬವನ್ನು ಮಗುವಿನ ಹಾಗೆ ಎದೆಗವಚಿಕೊಳ್ಳುವುದು, ಅದೆಲ್ಲ ಯಾವ ಯಂತ್ರಕ್ಕೂ ಬರೆಯಲು ಬರುವುದಿಲ್ಲ. ಆದರೂ ನನ್ನ ಕಾಲು ಬ್ರೇಕಿಗೆ ಹೋಗಲಿಲ್ಲ. ನೀವು ಹೋದಾಗಿನಿಂದ ಮನೆಯಲ್ಲಿ ನನಗೆ ಕಾಣುತ್ತಲೇ ಇದ್ದೀರಿ, ಯಾವ ಕನ್ನಡಕವೂ ಇಲ್ಲದೆ. ಕಿಟಕಿ ಪಕ್ಕದ ಕುರ್ಚಿ ನಿಜ, ಬಚ್ಚಲ ಬಾಗಿಲು ನಿಜ, ಅಲ್ಲಿರುವ ನೀವು ಮಾತ್ರ ಅಲ್ಲ. ಮೊದಮೊದಲು ನಿಂತು ಮಾತನಾಡಿಸುತ್ತಿದ್ದೆ. ಆಮೇಲೆ, ಬದುಕಬೇಕಲ್ಲ, ಅವರಿಲ್ಲ ಎಂದುಕೊಂಡು ಹಾದುಹೋಗುವುದನ್ನು ರೂಢಿ ಮಾಡಿಕೊಂಡೆ. ಮಂಗಳವಾರವೂ ನಿಮ್ಮನ್ನು ಹಾಗೆಯೇ ಹಾದುಹೋಗಲು ಹೊರಟಿದ್ದೆ. ಇದನ್ನು ಮ್ಯಾನೇಜರಿಗೆ ಹೇಳಿಲ್ಲ. ಇದಕ್ಕೆ ಹಳದಿ ಬಾಣ ಮದ್ದಲ್ಲ. ಪರೀಕ್ಷೆ ಸದ್ಯ ಬೇಡ, ಕೌಂಟರಿಗೆ ಹಾಕಿ ಎಂದಷ್ಟೇ ಕೇಳಿಕೊಂಡು ಬಂದಿದ್ದೇನೆ. ಬರುವ ಮನಸ್ಸಾದರೆ ಬನ್ನಿ. ಬೀಗದ ಕೈ ನಿಮ್ಮ ಹತ್ತಿರ ಇದೆ, ಆದರೂ ಹೊರಗಿನಿಂದ ಬಾಗಿಲು ಬಡಿಯಿರಿ, ಜೋರಾಗಿ ಕೂಗಿ. ಎಂದಿನಂತೆ ಸುಮ್ಮನೆ ಬಂದು ನಿಲ್ಲಬೇಡಿ. ನಾನು ನಿಮ್ಮನ್ನು ದಾಟಿಕೊಂಡು ಒಲೆ ಹಚ್ಚಲು ಹೋಗಿಬಿಡುತ್ತೇನೆ.