ಕಡ್ಡಿಯನ್ನು ನಿಮ್ಮಲ್ಲಿಗೆ ಕಳಿಸುತ್ತಿದ್ದೇನೆ

ಭಾನುವಾರ, ಮಧ್ಯಾಹ್ನ

ಕಡ್ಡಿಯ ಅಪ್ಪನಿಗೆ,

ನಮಸ್ಕಾರ. ಬೇರೆ ಹೇಗೆ ಕರೆಯಬೇಕೆಂದು ತೋಚಲಿಲ್ಲ. ನೀವು ಮನೆ ಬಿಟ್ಟು ಗಡಿಯಾರದ ಅಂಗಡಿಯ ಮೇಲಿನ ಕೋಣೆಗೆ ಹೋದ ಮೇಲೆ ನಮ್ಮಿಬ್ಬರ ನಡುವೆ ಉಳಿದಿರುವುದು ಇವಳೊಬ್ಬಳೇ. ಬರುವ ಶನಿವಾರ ನನ್ನ ತಮ್ಮ ಇವಳನ್ನು ಬಸ್ಸಿನಲ್ಲಿ ಕರೆತರುತ್ತಾನೆ. ರಜೆಗೆ ಎಂದು ಫೋನಿನಲ್ಲಿ ಹೇಳಿದ್ದೆ. ರಜೆ ಮುಗಿದ ಮೇಲೂ ಅಲ್ಲೇ ಇರಲಿ.

ನನ್ನ ಓದು ಮುಗಿಯಿತು. ದೃಷ್ಟಿದೋಷವಿರುವ ಮಕ್ಕಳಿಗೆ ಕಲಿಸುವುದರಲ್ಲಿ ಸ್ನಾತಕೋತ್ತರ ಪದವಿ, ಅದೂ ಮೊದಲ ದರ್ಜೆಯಲ್ಲಿ. ನಾನು ಸೇರುವಾಗ ನೀವು, "ಮಗಳ ಕಣ್ಣು ಹೋಗ್ತಿದೆ, ನಿನಗೆ ಈಗ ಡಿಗ್ರಿ ಬೇಕಾಯ್ತಾ?" ಎಂದಿರಿ. ಡಿಗ್ರಿ ಯಾರಿಗೆ ಬೇಕಿತ್ತು? ಅವಳಿಗೆ ಪೂರ್ತಿ ಕತ್ತಲಾಗುವ ಹೊತ್ತಿಗೆ ದಾರಿ ಗೊತ್ತಿರುವವರು ಒಬ್ಬರಾದರೂ ಮನೆಯಲ್ಲಿರಲಿ ಎಂದುಕೊಂಡಿದ್ದೆ.

ತರಗತಿಯಲ್ಲಿ ಎಲ್ಲರಿಗೂ ನಾನು ಆಂಟಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆ ಹುಡುಗಿಯರ ಜೊತೆ ಕಾಲೇಜಿನ ಮೆಟ್ಟಿಲು ಹತ್ತಿ ಇಳಿದೆ. ಹಾಳೆಯ ಬೆನ್ನ ಮೇಲೆ ಬಲದಿಂದ ಎಡಕ್ಕೆ ಬ್ರೈಲ್ ಚುಕ್ಕಿ ಚುಚ್ಚಿ ಚುಚ್ಚಿ ಬೆರಳು ದಡ್ಡುಗಟ್ಟಿತು. ನಮ್ಮ ಮೇಡಂ ದಿನಾ ಹೇಳುತ್ತಿದ್ದದ್ದು ಒಂದೇ ಮಾತು: "ಮಗು ತಡಕಾಡ್ತಿದ್ರೆ ಕೈ ಕಟ್ಕೊಂಡು ನಿಂತ್ಕೊಳ್ಳಿ. ಇವತ್ತು ನೀವು ಚಪ್ಪಲಿ ಎತ್ತಿಕೊಟ್ರೆ ನಾಳೆ ಅದಕ್ಕೆ ಹುಡುಕೋಕೆ ಬರಲ್ಲ."

ನಿಂತುಕೊಂಡೆ. ಚಪ್ಪಲಿ ಹುಡುಕುವಾಗ, ಅಂಗಿಯ ಗುಂಡಿ ಹಾಕಿಕೊಳ್ಳುವಾಗ, ತಟ್ಟೆಯಲ್ಲಿ ಅನ್ನ ಎಲ್ಲಿದೆ ಎಂದು ತಡವುವಾಗ, ಉಸಿರು ಬಿಗಿಹಿಡಿದು ನಿಂತುಕೊಂಡೆ. ಎಲ್ಲ ಕಲಿತಳು. ಕೋಲು ಹಿಡಿದು ಬೀದಿಯ ಕೊನೆಯವರೆಗೂ ಹೋಗಿ ಬರುತ್ತಿದ್ದಳು. ಆ ಬಿಳಿ ಕೋಲು ಮನೆಗೆ ಬಂದ ದಿನ ನೀವು, "ಕಡ್ಡಿಗೆ ಇನ್ನೊಂದು ಕಡ್ಡಿ ಯಾಕೆ?" ಎಂದು ಅವಳನ್ನು ನಗಿಸಿ, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಿರಿ. ನನಗೆ ಕೇಳಿಸಿತ್ತು. ಮಾರನೆಯ ದಿನ ಪರೀಕ್ಷೆಯಿತ್ತು, ಓದುತ್ತ ಕೂತಿದ್ದೆ.

ಮೂರು ತಿಂಗಳ ಹಿಂದೆ ಒಂದು ಸಂಜೆ ನಾನು ಕಾಲೇಜಿನಿಂದ ಬಂದಾಗ ಅವಳು ಅಡುಗೆಮನೆಯಲ್ಲಿದ್ದಳು. ನನಗೆ ಗೊತ್ತಾಗದ ಹಾಗೆ ಚಹಾ ಮಾಡಿಡಬೇಕೆಂದು ಹೊರಟಿದ್ದಳಂತೆ. ನಾನು ಬಾಗಿಲಲ್ಲೇ ನಿಂತೆ. ಎಷ್ಟು ಚೆನ್ನಾಗಿ ಮಾಡುತ್ತಿದ್ದಳು ಗೊತ್ತೇ? ಒಲೆ ಆರಿಸಿದಳು, ಲೋಟದ ಅಂಚಿಗೆ ಬೆರಳಿಟ್ಟಳು, ಪಾತ್ರೆ ಬಗ್ಗಿಸಿದಳು. ಲೋಟ ಜರುಗಿದ್ದು ನನಗೆ ಕಂಡಿತು. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ. ಕುದಿಯುವ ಚಹಾ ಮಣಿಕಟ್ಟಿನಿಂದ ಮೊಣಕೈವರೆಗೆ ಸುರಿಯಿತು.

ಓಡಿಹೋಗಿ ಕೈಯನ್ನು ನಲ್ಲಿಯ ಕೆಳಗೆ ಹಿಡಿದೆ. ಅವಳು ಅಳಲಿಲ್ಲ. "ಅಮ್ಮಾ, ನೀನು ಯಾವಾಗ ಬಂದೆ?" ಎಂದಳು.

"ಇಲ್ಲೇ ಇದ್ದೆ ಪುಟ್ಟಾ."

"ಮೊದಲಿಂದ್ಲೂ?"

ಹೂಂ ಎಂದೆ. ಅವಳು ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡಳು.

ಗಾಯ ಮಾಯಿತು, ಕಲೆ ಉಳಿದಿದೆ. ಅಂದಿನಿಂದ ಕೋಲು ಮುಟ್ಟಿಲ್ಲ, ಬ್ರೈಲ್ ಪುಸ್ತಕ ಬಿಡಿಸಿಲ್ಲ. ಯಾವ ಕೋಣೆಗೆ ಹೋದರೂ ಮೊದಲು, "ಅಮ್ಮಾ, ಇದ್ದೀಯಾ?" ಎಂದು ಕೇಳುತ್ತಾಳೆ. ಇದ್ದೇನೆ ಎಂದರೆ ಹಾಗೇ ತಿರುಗಿ ಹೋಗುತ್ತಾಳೆ. ಕ್ಷಮೆ ಕೇಳಿದೆ, ಬೇಡಿಕೊಂಡೆ, ಒಂದು ದಿನ ಗದರಿಸಿಯೂ ನೋಡಿದೆ. ಮೊನ್ನೆ ಊಟಕ್ಕೆ ಕೂತಾಗ ಅವಳಾಗಿಯೇ ಹೇಳಿದಳು: "ನಾನು ಅಪ್ಪನ ಹತ್ರ ಹೋಗ್ತೀನಿ. ಅಪ್ಪಂಗೆ ಏನೂ ಕಲಿಸೋಕೆ ಬರಲ್ಲ."

ಮೇಡಂ ಕೊಡಿಸಿದ ಕೆಲಸಕ್ಕೆ ಸೇರಿದ್ದೇನೆ, ಅಂಧ ಮಕ್ಕಳ ಶಾಲೆ. ನನ್ನ ದನಿ ಕೇಳಿದರೆ ಅಲ್ಲಿನ ಚಿಕ್ಕವರು ಗೋಡೆ ಸವರಿಕೊಂಡು ಓಡಿಬರುತ್ತಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಅತ್ತೆ ಅಂದಾಗ ಜಗಳವಾಡಿದ್ದೆ. ಈಗ ಆ ಮಾತನ್ನು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ನೀವು ಅವಳಿಗೆ ತುತ್ತು ಕಲಸಿ ಕೊಡುತ್ತೀರಿ, ಕೈಹಿಡಿದೇ ನಡೆಸುತ್ತೀರಿ. ಒಂದೆರಡು ವರ್ಷದಲ್ಲಿ ಕಲಿತದ್ದೆಲ್ಲ ಮರೆಯುತ್ತಾಳೆ. ಅದು ಗೊತ್ತಿದ್ದೇ ಕಳಿಸುತ್ತಿದ್ದೇನೆ. ಒಂದೆರಡು ಮಾತು ಮಾತ್ರ ನಡೆಸಿಕೊಡಿ. ಬಾಗಿಲನ್ನು ಪೂರ್ತಿ ತೆಗೆದಿಡಿ, ಇಲ್ಲವೇ ಪೂರ್ತಿ ಮುಚ್ಚಿ. ಅರ್ಧ ತೆರೆದ ಬಾಗಿಲು ಹಣೆಗೆ ಬಡಿಯುತ್ತದೆ. ಕೋಣೆಗೆ ಬಂದಾಗ ಬಂದೆ ಅನ್ನಿ, ಹೋಗುವಾಗ ಹೋಗ್ತೀನಿ ಅನ್ನಿ.

ಭಾನುವಾರಗಳಲ್ಲಿ ಫೋನ್ ಮಾಡುತ್ತೇನೆ. ಅವಳು ಮಾತಾಡಲು ಒಪ್ಪದಿದ್ದರೆ ಒತ್ತಾಯಿಸಬೇಡಿ.

ಇತಿ,
ಕಡ್ಡಿಯ ಅಮ್ಮ

ಮರೆತ ಮಾತು: ಅವಳು ಬಸ್ಸಿನಿಂದ ಇಳಿಯುವಾಗ ದೂರ ನಿಂತು ಕೈ ಬೀಸಬೇಡಿ. ಹತ್ತಿರ ಹೋಗಿ, ಮೊದಲು ನೀವೇ ಮಾತಾಡಿಸಿ. ಇನ್ನೂ ಸ್ವಲ್ಪ ಕಾಣುತ್ತೆ ಎಂದು ಫೋನಿನಲ್ಲಿ ನಿಮಗೆ ಹೇಳುತ್ತಿದ್ದಾಳಲ್ಲ, ಅದು ನಿಜವಲ್ಲ. ಚಳಿಗಾಲಕ್ಕೆ ಮೊದಲೇ ಎಲ್ಲ ಹೋಯಿತು. ನಾನು ಇದನ್ನು ಬರೆದದ್ದು ಅವಳಿಗೆ ತಿಳಿಯುವುದು ಬೇಡ. "ಅಪ್ಪಂಗೆ ಹೇಳ್ಬೇಡ, ಅವರೂ ಬೇಡ ಅಂದ್ರೆ ನಾನೆಲ್ಲಿಗೆ ಹೋಗ್ಲಿ?" ಎಂದು ಆಣೆ ಹಾಕಿಸಿಕೊಂಡಿದ್ದಾಳೆ.