ಎರವಲು ಬಡತನ

೩೦ ಫೆಬ್ರವರಿ ೨೧೭೧
ಗದಗ, ಹೊಸ ವಸತಿ, ಮೂರನೆಯ ಓಣಿ

ಪೂಜ್ಯ ಸುಶೀಲಾ ಹೊಂಬಳ ಅವರಿಗೆ, ನಿಮ್ಮ ಆರನೆಯ ತಲೆಮಾರಿನ ಬಸಲಿಂಗವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಬೆಚ್ಚಬೇಡಿ. ಓದುವ ಮಕ್ಕಳಿಗೆ ದುಡಿಯಲು ದಿನ ಸಾಲುತ್ತಿಲ್ಲವೆಂದು ನಮ್ಮ ಕಾಲದವರು ಫೆಬ್ರವರಿಗೆ ಎರಡು ದಿನ ಸೇರಿಸಿದ್ದಾರೆ. ಈ ಕಾಗದ ಹಿಂದಕ್ಕೆ, ನಿಮ್ಮ ಕಾಲಕ್ಕೆ, ಹೇಗೆ ಬಂತು ಎಂದೂ ಕೇಳಬೇಡಿ, ಅದು ನನಗೂ ಪೂರ್ತಿ ತಿಳಿಯದು. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಪತ್ರದ ಮೊದಲಿಗೆ 'ನಾವೆಲ್ಲ ಕ್ಷೇಮ' ಎಂದು ಬರೆಯುವುದು ನಿಮ್ಮ ಕಾಲದ ರೂಢಿಯಂತೆ. ಈ ತಿಂಗಳು ಸಾಕಷ್ಟು ಸುಳ್ಳು ಹೇಳಿದ್ದೇನೆ, ಅದೊಂದನ್ನು ಬಿಡುತ್ತೇನೆ.

ನೀವು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಕೂತಿದ್ದೀರಿ. ಬರುವ ಸೋಮವಾರ ನಿಮ್ಮ ಕೈಯಿಂದ ಒಂದು ನಿಯಮ ಬರೆಸುತ್ತಾರೆ. ಕಾರಿನಲ್ಲಿ ಬರುವ ಹುಡುಗನೊಬ್ಬ ಸುಳ್ಳು ಆದಾಯ ಪತ್ರ ಕೊಟ್ಟು ನೆರವಿನ ಹಣ ಪಡೆದ. ಬೆಳಿಗ್ಗೆ ಹೋಟೆಲಿನಲ್ಲಿ ಪಾತ್ರೆ ತೊಳೆದು ಬಂದು ಕೊನೆಯ ಬೆಂಚಿನಲ್ಲಿ ತೂಕಡಿಸುವ ಹುಡುಗಿಗೆ ಏನೂ ಸಿಗಲಿಲ್ಲ. ನಿಮಗೆ ಸಿಟ್ಟು ಬಂದಿದೆ. ನನಗಾದರೂ ಬರುತ್ತಿತ್ತು. ಅದಕ್ಕೇ ನೀವು ಬರೆಯುತ್ತೀರಿ: 'ಅರ್ಜಿದಾರರ ಮನೆಗೆ ಹೋಗಿ ಬಡತನವನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳತಕ್ಕದ್ದು. ಈ ಕೆಲಸವನ್ನು ನೆರವು ಪಡೆಯುವ ವಿದ್ಯಾರ್ಥಿಗಳಿಗೇ ವಹಿಸತಕ್ಕದ್ದು.' ಓದುವ ಮಕ್ಕಳ ಕೈಗೆ ನಾಲ್ಕು ಕಾಸು ಸಿಕ್ಕೀತು ಎಂಬುದು ನಿಮ್ಮ ಆಸೆ. ಕೆಳಗೆ ಉದಾಹರಣೆಗೆಂದು ಮೂರು ಗುರುತು ಕೊಡುತ್ತೀರಿ: ಹರಿದ ಚಾಪೆ, ಮಸಿ ಹಿಡಿದ ಒಲೆ, ಸೊಟ್ಟಾದ ತಂಬಿಗೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ಆ ಮೂರು ಗುರುತುಗಳೇ ಇಂದಿಗೂ ಕಾನೂನು. ಸುತ್ತ ಬೇರೆ ನಿಯಮಗಳನ್ನು ಆಗೀಗ ಸೇರಿಸಿದ್ದಾರೆ, ಈ ಗುರುತುಗಳಲ್ಲಿ ಒಂದನ್ನೂ ತೆಗೆದಿಲ್ಲ. ಗುರುತು ಸಿಕ್ಕಿದ ಮನೆಯ ಮಗುವಿಗೆ 'ಕೈಹಿಡಿ' ಎಂಬ ನೆರವು ಬರುತ್ತದೆ. ಸಿಗದಿದ್ದರೆ 'ತಲೆಸಾಲ'. ಅದು ಓದಿದವರ ತಲೆಯ ಮೇಲೆ ಕೂತು, ಅವರು ಸತ್ತ ಮೇಲೆ ಮಕ್ಕಳ ತಲೆಗೆ ಏರುತ್ತದೆ. ಮನೆ ನೋಡಲು ಬರುವ ವಿದ್ಯಾರ್ಥಿಗೆ 'ನೋಟಗಾರ' ಎನ್ನುತ್ತೇವೆ. ಯಾರು ಬರುತ್ತಾರೆಂದು ಬಾಗಿಲು ತೆಗೆಯುವವರೆಗೂ ಗೊತ್ತಾಗುವುದಿಲ್ಲ.

ಆದರೆ ನಮ್ಮ ಮನೆಗಳನ್ನು ನೀವು ನೋಡಬೇಕು. ಗೋಡೆ, ಒಲೆ, ಮಲಗುವ ಕಟ್ಟೆ ಎಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ತಂದು ಇಟ್ಟದ್ದು. ಕೊಳೆ ಹಿಡಿಯುವುದಿಲ್ಲ, ಮಸಿ ಕೂರುವುದಿಲ್ಲ. ಎಲ್ಲವೂ ಬಾಡಿಗೆ, ಊಟದ ತಟ್ಟೆಯೂ ಬಾಡಿಗೆ. ಎರಡು ದಿನದಿಂದ ಒಲೆ ಹೊತ್ತಿಸದವರ ಮನೆಯೂ ಫಳಫಳ ಹೊಳೆಯುತ್ತದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ನೀವು ಆಡಿಕೊಳ್ಳುತ್ತಿದ್ದಿರಿ. ನಮ್ಮಲ್ಲಿ ಆ ಮಲ್ಲಿಗೆಯನ್ನು ತೆಗೆಯಲು ಅನುಮತಿಯಿಲ್ಲ. ನೋಟಗಾರ ಬಂದರೆ ಅವನ ಕಣ್ಣಿಗೆ ನಾವು ಸಾಹುಕಾರರು.

ಆದ್ದರಿಂದ ನಮ್ಮ ಓಣಿಯ ಹನ್ನೆರಡು ಮನೆಯವರು ಸೇರಿ ಒಂದು ಪೆಟ್ಟಿಗೆ ಇಟ್ಟುಕೊಂಡಿದ್ದೇವೆ. ಅದರಲ್ಲಿ ಒಂದು ಹರಿದ ಚಾಪೆ, ಒಂದು ಮಸಿ ಒಲೆ, ಒಂದು ಸೊಟ್ಟ ಹಿತ್ತಾಳೆ ತಂಬಿಗೆ. ಇವೆಲ್ಲ ಈಗ ವಸ್ತುಸಂಗ್ರಹಾಲಯದ ಸಾಮಾನು. ಇಡೀ ಓಣಿಯಲ್ಲಿ ಆ ತಂಬಿಗೆಗಿಂತ ಬೆಲೆಬಾಳುವ ವಸ್ತು ಇಲ್ಲ. ಯಾರ ಮನೆಯಲ್ಲಿ ನೋಟವಿದೆಯೋ ಅವರು ಪೆಟ್ಟಿಗೆ ಒಯ್ಯುತ್ತಾರೆ, ಮುಗಿದ ಮೇಲೆ ಒರೆಸಿ ತಂದಿಡುತ್ತಾರೆ. ಬಡವರಾದ ನಾವು ಬಡವರೆಂದು ತೋರಿಸಲು ಬಡತನವನ್ನು ಎರವಲು ತರಬೇಕು. ನಗಬೇಕೆಂದರೆ ನಗಿ, ನಾವೂ ಎಷ್ಟೋ ಸಲ ನಕ್ಕಿದ್ದೇವೆ.

ನನ್ನ ಮೊಮ್ಮಗಳು ಚಂಪಾಳಿಗೆ ಮಣ್ಣುವೈದ್ಯದ ಸೀಟು ಸಿಕ್ಕಿತು. ಸತ್ತ ಹೊಲಕ್ಕೆ ಜೀವ ತರುವ ವಿದ್ಯೆ ಅದು. ಬೆಳಿಗ್ಗೆ ನೀರಿನ ಕೇಂದ್ರದಲ್ಲಿ ಕೊಳವೆ ತಿಕ್ಕಿ, ಮಧ್ಯಾಹ್ನ ಓದಿ, ಸಂಜೆ ಮತ್ತೆ ಕೊಳವೆ ತಿಕ್ಕಿ ಅರ್ಧ ಶುಲ್ಕ ಕಟ್ಟಿದಳು. ಉಗುರುಗಳೆಲ್ಲ ಸವೆದಿವೆ. ಉಳಿದ ಅರ್ಧಕ್ಕೆ ಕೈಹಿಡಿಯೇ ಗತಿ. ಅವಳಪ್ಪನ ತಲೆಸಾಲ ಆಗಲೇ ಅವಳ ತಲೆಗೆ ಬಂದಿದೆ. ಇನ್ನೊಂದು ಏರಿದರೆ ಅವಳಿಗೆ ಮದುವೆಯ ಪರವಾನಗಿಯೂ ಸಿಗದು.

ನೋಟದ ದಿನ ಬಾಗಿಲು ತೆಗೆದರೆ ನಿಂತವನು ಫಕೀರೇಶ. ನಮ್ಮದೇ ಓಣಿಯಲ್ಲಿ ಬೆಳೆದು ಕಾಲೇಜಿನ ವಸತಿಗೆ ಹೋದವನು. ತಂಬಿಗೆ ಕಂಡದ್ದೇ ನೆಲಕ್ಕೆ ಕೂತುಬಿಟ್ಟ. 'ಇದು ನಮ್ಮವ್ವನ ತಂಬಗಿ' ಅಂದ. ಹೌದು, ಅದನ್ನು ಪೆಟ್ಟಿಗೆಗೆ ಹಾಕಿದವಳು ಅವನ ತಾಯಿ ದಾನವ್ವ. ಅದನ್ನೇ ತೋರಿಸಿ ಅವನಿಗೆ ಕೈಹಿಡಿ ಸಿಕ್ಕಿತ್ತು. ಅವಳು ತೀರಿ ಎರಡು ವರ್ಷವಾಗಿದೆ. ನಾನು ಅದರಲ್ಲೇ ನೀರು ಕೊಟ್ಟೆ. ಅವನು ಕುಡಿದ, ಅತ್ತ, ನನ್ನ ಕಾಲು ಮುಟ್ಟಿದ. ಬದುಕಿದೆವು ಅಂದುಕೊಂಡೆ.

ವರದಿಯಲ್ಲಿ ಅವನು 'ಎರವಲು ಬಡತನ' ಎಂದು ಬರೆದಿದ್ದ. ಸುಳ್ಳು ಹಿಡಿದುಕೊಟ್ಟ ನೋಟಗಾರನಿಗೆ ಒಂದು ವರ್ಷದ ಶುಲ್ಕ ಮಾಫಿ, ಮುಚ್ಚಿಟ್ಟವನ ಕೈಹಿಡಿ ರದ್ದು. ಅವನ ವಂಶ ನಿರ್ವಂಶವಾಗಲಿ ಎಂದು ಬಾಯಿಗೆ ಬಂದಂತೆ ಶಪಿಸಿದೆ. ಚಂಪಾ ಮಾತ್ರ ತಲೆ ತಗ್ಗಿಸಿ, 'ಅವನ ಜಾಗಾದಾಗ ನಾ ಇದ್ದಿದ್ರ ನಾನೂ ಅದನ್ನ ಮಾಡ್ತಿದ್ನಿ, ಅಜ್ಜಿ' ಅಂದಳು. ಆ ಮಾತಿಗೆ ನನ್ನ ಎದೆ ಒಡೆಯಿತು. ಫಕೀರೇಶನ ವರದಿಗೆ ಅಷ್ಟು ನೋವಾಗಿರಲಿಲ್ಲ.

ಕಾಲೇಜಿನವರು ಅವಳನ್ನು ಕರೆಸಿ ಒಂದು ದಾರಿ ತೋರಿಸಿದ್ದಾರೆ. ಅವಳೇ ನಮ್ಮ ಓಣಿಯ ನೋಟಗಾರ್ತಿಯಾಗಬೇಕು. ಪೆಟ್ಟಿಗೆ ಇದ್ದಲ್ಲೇ ಇರಬೇಕು, ನಾವು ಯಾರಿಗೂ ತುಟಿ ಬಿಚ್ಚಬಾರದು, ಬಿಚ್ಚಿದರೆ ಸೀಟು ಹೋಯಿತು. ಹನ್ನೊಂದು ಮನೆ ಹಿಡಿದುಕೊಟ್ಟರೆ ಅವಳ ಓದು ಪೂರ್ತಿ ಉಚಿತ. ಅವಳು ಒಪ್ಪಿ ಬಂದಿದ್ದಾಳೆ. ನಾಳೆ ಮೊದಲ ಮನೆ.

ಸುಶೀಲಾ ಅಜ್ಜಿ, ಇದನ್ನು ಬರೆಯುತ್ತಿರುವಾಗಲೇ ಪಕ್ಕದ ಮನೆಯ ಸಂಗವ್ವ ಬಾಗಿಲಿಗೆ ಬಂದು ನಿಂತಿದ್ದಾಳೆ. ಚಂಪಾ ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಇವಳೇ. 'ಬಸಲಿಂಗಕ್ಕ, ನಾಳೆ ನಮ್ಮ ಮನ್ಯಾಗ ನೋಟ ಐತಿ, ಪೆಟಗಿ ಕೊಡವಾ' ಅನ್ನುತ್ತಿದ್ದಾಳೆ. ಕೊಟ್ಟರೆ ಅವಳ ಮಗಳ ಓದು ಮುಳುಗಿತು. ಕೊಡದೆ ಕಾರಣ ಹೇಳಿದರೆ ನನ್ನ ಮೊಮ್ಮಗಳದು. ಒಳಕೋಣೆಯಲ್ಲಿ ಚಂಪಾ ನಾನೇನು ಹೇಳುತ್ತೇನೋ ಎಂದು ಕಿವಿಗೊಟ್ಟಿದ್ದಾಳೆ. 'ಒಂದ್ ಗಳಿಗಿ ನಿಲ್ಲವಾ, ಪತ್ರಾ ಮುಗಸ್ತೀನಿ' ಎಂದು ಹೇಳಿದ್ದೇನೆ.

ಸೋಮವಾರ ನಿಮ್ಮ ಸಿಟ್ಟನ್ನು ಆ ಕಾರಿನ ಹುಡುಗನ ಮೇಲೆಯೇ ತೀರಿಸಿಕೊಳ್ಳಿ. ಪಾತ್ರೆ ತೊಳೆಯುವ ಹುಡುಗಿ ಬಾಯಿಬಿಟ್ಟು ಕೇಳಿದರೆ ನಂಬಿ ಕೊಡಿ. ಹತ್ತರಲ್ಲಿ ಒಬ್ಬ ಮೋಸ ಮಾಡಿದರೆ ಮಾಡಲಿ. ಆ ಎರಡು ಸಾಲು ಬರೆಯಬೇಡಿ. ನೀವು ಬರೆಯದಿದ್ದರೆ, ನನ್ನ ಬಾಗಿಲಲ್ಲಿ ನಿಂತ ಸಂಗವ್ವ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಂದವಳಾಗುತ್ತಾಳೆ, ನಾನು ಎದ್ದು ಕೊಟ್ಟು ಕಳಿಸುತ್ತೇನೆ.

ನಿಮ್ಮ,
ಬಸಲಿಂಗವ್ವ